ಹದಿನೆಂಟು ವರ್ಷದಿಂದ ಬೇವಿನ ಮರದ ಕೆಳಗೆ ನಿಂತಿರುವ ಜೀಪು: ತಗೊಳ್ಳಲಾ?

ತೊಗರಿಹೊಲ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಜೇವರ್ಗಿ ತಾಲೂಕಿನಲ್ಲಿ ನಮ್ಮೂರಿನ ಪಕ್ಕದ ಊರಲ್ಲಿ ಗೌಡ್ರ ಹೊಲವಿದೆ. ಅಲ್ಲಿ ಬಾವಿ ಪಕ್ಕದ ಬೇವಿನ ಮರದ ಕೆಳಗೆ ಒಂದು ಹಳೇ ವಿಲ್ಲೀಸ್ ಜೀಪು ನಿಂತಿದೆ. ಗೌಡ್ರು ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿಲ್ಲ. ಹದಿನೆಂಟು ವರ್ಷ ಆಯಿತು. ಟೈರುಗಳು ಸೀಳಿ ಹೋಗಿವೆ. ಮುಂದಿನ ಚಕ್ರಗಳು ಎರೆಮಣ್ಣಿನಲ್ಲಿ ರಿಮ್ಮಿನ ತನಕ ಹೂತಿವೆ. ಕ್ಲಚ್ ಪೆಡಲ್ ಹತ್ತಿರ ನೆಲದ ತಗಡು ತೂತಾಗಿ, ಅದರೊಳಗಿಂದ ಬಳ್ಳಾರಿ ಜಾಲಿ ಎದ್ದು ಸ್ಟೇರಿಂಗ್ ನಡುವೆ ಹಾದು ಹೊರಗೆ ಬಂದಿದೆ.

ನಾನು ಹುಟ್ಟಿದ ರಾತ್ರಿ ಹಳ್ಳ ತುಂಬಿತ್ತಂತೆ. ಬಂಡಿ ದಾಟಲಿಲ್ಲ. ಗೌಡ್ರು ಇದೇ ಜೀಪಿನಲ್ಲಿ ಅವ್ವನನ್ನು ಗುಲಬರ್ಗಾ ದವಾಖಾನೆಗೆ ಕರೆದೊಯ್ದರು. ಅವ್ವ ಈಗಲೂ ಆ ಕಡೆ ಹೋದಾಗ ಜೀಪಿನ ಬಾನೆಟ್ ಮೇಲೆ ಒಮ್ಮೆ ಕೈ ಇಟ್ಟೇ ಬರುತ್ತಾಳೆ.

ಹೋದ ವಾರ ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ಕೇಳಿ ಹೋಗಿದ್ದಾನೆ. ಅದು ಗೊತ್ತಾದ ದಿನದಿಂದ ನನಗೆ ಸಮಾಧಾನ ಇಲ್ಲ. ಊರಲ್ಲಿರುವ ಮಗ "60 ಸಾವಿರ ಕೊಡು, ಒಯ್ಯಿ" ಅಂದ. ಆರ್‌ಸಿ ಎಲ್ಲಿದೆ ಅಂತ ಅವನಿಗೂ ಗೊತ್ತಿಲ್ಲ. ದುಡ್ಡು ಕೊಟ್ಟು ಮೊದಲು ಮನೆಗೆ ತಂದುಬಿಡಲಾ? ಇಂಥದ್ದು ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಕರಿಕೋಟು, ಯಾದಗಿರಿ

ಅಣ್ಣ, ದುಡ್ಡು ಕೊಡಬೇಡಿ. ಈಗಲೇ ಕೊಡಬೇಡಿ.

ಜೀಪು ಗೌಡ್ರ ಹೆಸರಲ್ಲಿದೆ ಅಲ್ವಾ? ಅಂದಮೇಲೆ ಊರಲ್ಲಿರುವ ಮಗ ಒಬ್ಬನೇ ಅದನ್ನು ಮಾರಲು ಬರುವುದಿಲ್ಲ. ಮಾಲೀಕರು ತೀರಿಕೊಂಡರೆ ಫಾರಂ 31 ಹಾಕಿ ಮೊದಲು ವಾರಸುದಾರರ ಹೆಸರಿಗೆ ಮಾಡಿಸಬೇಕು. ಆಮೇಲೆ ಅವರಿಂದ ನಿಮ್ಮ ಹೆಸರಿಗೆ ಫಾರಂ 29 ಮತ್ತು 30. ಅಂದರೆ ಎರಡು ವರ್ಗಾವಣೆ. ಕಾನೂನಿನ ಪ್ರಕಾರ ಸಾವಿನ ಸುದ್ದಿ 30 ದಿನದೊಳಗೆ ಆರ್‌ಟಿಓಗೆ ತಿಳಿಸಿ, ಮೂರು ತಿಂಗಳಲ್ಲಿ ಅರ್ಜಿ ಹಾಕಬೇಕಿತ್ತು. ತಡ ಆಗಿದ್ದಕ್ಕೆ ದಂಡ ಬೀಳುತ್ತದೆ. ಆದರೆ ದಾರಿ ಮುಚ್ಚಿಲ್ಲ.

ಬೇಕಾಗುವ ಕಾಗದ: ಮರಣ ಪ್ರಮಾಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರೆಲ್ಲರ ಒಪ್ಪಿಗೆ ಪತ್ರ. ಎಲ್ಲರದ್ದೂ ಅಂದರೆ ಹೆಣ್ಣುಮಕ್ಕಳದ್ದೂ. ನಮ್ಮ ಕಡೆ ಜನ ಮರೆಯುವುದು ಅಲ್ಲೇ. ಲಗ್ನ ಮಾಡಿ ಕೊಟ್ಟ ಮಗಳನ್ನು ಯಾರೂ ಕೇಳುವುದಿಲ್ಲ. ನಾಲ್ಕು ವರ್ಷದ ಮೇಲೆ ಜೀಪು ಫಳಫಳ ಹೊಳೆಯುವಾಗ ಅಳಿಯ ಬಂದು ಬಾಗಿಲು ತಟ್ಟುತ್ತಾನೆ. ಇಂಥ ಕೇಸು ನಾನು ನೋಡಿದ್ದೇನೆ.

ಗೌಡ್ರಿಗೆ ಮಕ್ಕಳು ಎಷ್ಟು ಜನ?

ತೊಗರಿಹೊಲ, ಕಲಬುರಗಿ

ಮೂರು ಗಂಡು, ಒಂದು ಹೆಣ್ಣು. ಒಬ್ಬ ಊರಲ್ಲಿ, ಒಬ್ಬ ಪುಣೆ, ಒಬ್ಬ ಹೈದರಾಬಾದ್. ಮಗಳನ್ನು ಆಳಂದ ಕಡೆ ಕೊಟ್ಟಿದ್ದಾರೆ. ಗೌಡಸಾನಿ ಅಮ್ಮ ಇದ್ದಾರೆ, ವಯಸ್ಸಾಗಿದೆ. ನಿಜ ಹೇಳಬೇಕೆಂದರೆ ನಾನು ಊರಲ್ಲಿರುವ ಮಗನ ಜೊತೆ ಮಾತ್ರ ಮಾತಾಡಿದ್ದೇನೆ.

ಕೆಂಪುಮಣ್ಣು, ಬೀದರ್

ಕರಿಕೋಟು ವಕೀಲರು ಹೇಳಿದ್ದು ನೂರಕ್ಕೆ ನೂರು ಸರಿ. ನಾನೊಂದು ಸೇರಿಸುತ್ತೇನೆ. ಅದು ಯಾವ ಜೀಪು ಅಂತ ಮೊದಲು ನೋಡಿಕೊಳ್ಳಿ. ನಮ್ಮ ಕಡೆ ಹಳೇದೆಲ್ಲಾ "ವಿಲ್ಲೀಸ್", "ಯುದ್ಧದ ಜೀಪು". 1948ರಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಸೇನೆ ನುಗ್ಗಿದ ಪೊಲೀಸ್ ಆಕ್ಷನ್ ಹೊತ್ತಿಗೆ ಬಂದದ್ದು ಅಂತ ಹೇಳಿ ದುಬಾರಿ ಬೆಲೆಗೆ ಕೊಟ್ಟವರನ್ನೂ ಕಂಡಿದ್ದೇನೆ.

ಮುಂದಿನ ಜಾಲರಿಯ ಸೀಳು ಎಣಿಸಿ. ಯುದ್ಧದ ವಿಲ್ಲೀಸ್ ಎಂಬಿ, 1941ರಿಂದ 1945ರ ತನಕ ತಯಾರಾದದ್ದು, ಅದಕ್ಕೆ ಒಂಬತ್ತು ಸೀಳು. ಹೆಡ್‌ಲೈಟು ಚಿಕ್ಕವು, ಜಾಲರಿಯ ಹಿಂದೆ ಒಳಗೆ ಕೂತಿರುತ್ತವೆ. ಸ್ಟೇರಿಂಗ್ ಎಡಕ್ಕೆ. ಹಿಂದೆ ತೆರೆಯುವ ಬಾಗಿಲು ಇಲ್ಲ. ಸೀಳು ಏಳಿದ್ದು, ಹೆಡ್‌ಲೈಟು ದೊಡ್ಡದಾಗಿದ್ದು, ಸ್ಟೇರಿಂಗ್ ಬಲಕ್ಕಿದ್ದು, ಬಾನೆಟ್ ಎತ್ತರವಾಗಿ ಪೆಟ್ಟಿಗೆ ಥರ ಕಂಡರೆ ಅದು ಮಹೀಂದ್ರದ ಸಿಜೆ 3ಬಿ.

ಬಾನೆಟ್ ಯಾಕೆ ಎತ್ತರ ಅಂತ ನಮ್ಮಪ್ಪ ಚೆನ್ನಾಗಿ ಹೇಳುತ್ತಿದ್ದರು. ಮೊದಲಿನ ಎಂಜಿನ್‌ನಲ್ಲಿ ಎರಡೂ ಥರದ ವಾಲ್ವು ಬ್ಲಾಕಿನಲ್ಲೇ ಇದ್ದವು. ಶಕ್ತಿ ಸುಮಾರು 60 ಎಚ್‌ಪಿ. ಆಮೇಲೆ ಗಾಳಿ ಒಳಗೆ ಬಿಡುವ ವಾಲ್ವನ್ನು ಮೇಲೆ ಹೆಡ್ಡಿಗೆ ಏರಿಸಿದರು. ಹೊಗೆ ಬಿಡುವ ವಾಲ್ವು ಕೆಳಗೆ ಬ್ಲಾಕಿನಲ್ಲೇ ಉಳಿಯಿತು. ಹೊಗೆ ವಾಲ್ವು ಕೆಳಗೆ, ಗಾಳಿ ವಾಲ್ವು ಮೇಲೆ. ಶಕ್ತಿ 70 ದಾಟಿತು, ಆದರೆ ಎಂಜಿನ್ ಎತ್ತರ ಆಯಿತು. ಬಾನೆಟ್ ಏರಿಸದೆ ಬೇರೆ ದಾರಿ ಇರಲಿಲ್ಲ. ಅಮೆರಿಕದಲ್ಲಿ ಈ 3ಬಿ 1953ರಲ್ಲಿ ಶುರುವಾಗಿ 1968ಕ್ಕೆ ನಿಂತಿತು. ನಮ್ಮಲ್ಲಿ ಮಹೀಂದ್ರದವರು ಅದಾದ ಮೇಲೂ ಎಷ್ಟೋ ವರ್ಷ ಮಾಡಿದರು. ಹಾಗಾಗಿ ಬಿಡಿ ಭಾಗ ಸಿಗುತ್ತವೆ, ಆ ಚಿಂತೆ ಬೇಡ.

ತೊಗರಿಹೊಲ, ಕಲಬುರಗಿ

ಇವತ್ತು ಹೋಗಿ ಎಣಿಸಿದೆ. ಏಳು. ಬಲಗಡೆ ಸ್ಟೇರಿಂಗ್. ಬಾನೆಟ್ ನೀವು ಹೇಳಿದಂತೆ ಪೆಟ್ಟಿಗೆಯೇ. ಪೆಟ್ರೋಲ್ ಎಂಜಿನ್ನು ಹಾಗೇ ಇದೆ, ಕಾರ್ಬೊರೇಟರ್‌ನಲ್ಲಿ ಕಣಜದ ಗೂಡು. ಬ್ಯಾಟರಿ ಹಾಕಿ ಒಮ್ಮೆ ಸೆಲ್ಫ್ ಹೊಡೆದು ನೋಡಲಾ?

ಗ್ಯಾರೇಜ್ ಉಸ್ತಾದ್, ಹುಮನಾಬಾದ್

ಭಾಯಿ, ಸೆಲ್ಫ್ ಹೊಡೆಯಬೇಡಿ! ಇಷ್ಟು ವರ್ಷ ನಿಂತ ಎಂಜಿನ್‌ನಲ್ಲಿ ರಿಂಗುಗಳು ಸಿಲಿಂಡರ್ ಗೋಡೆಗೆ ಜಂಗು ಹಿಡಿದು ಅಂಟಿರುತ್ತವೆ. ಜೋರು ಮಾಡಿದರೆ ರಿಂಗ್ ಮುರಿಯುತ್ತದೆ, ಇಲ್ಲವೇ ಅಂಟಿದ ವಾಲ್ವಿಗೆ ರಾಡು ಬಾಗುತ್ತದೆ.

ಹೀಗೆ ಮಾಡಿ. ಮೊದಲು ಎಂಜಿನ್ ಕೆಳಗಿನ ಆಯಿಲ್ ಸಂಪಿನ ಬೋಲ್ಟ್ ಸಡಿಲ ಮಾಡಿ ಆಯಿಲ್ ಇಳಿಸಿ. ಮೊದಲು ನೀರು ಬಂದರೆ ಎಷ್ಟು ಬಂತು ಅಂತ ನೋಡಿಕೊಳ್ಳಿ. ನಾಲ್ಕೂ ಪ್ಲಗ್ ಬಿಚ್ಚಿ. ಡೀಸೆಲ್ ಅರ್ಧ, ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಎಟಿಎಫ್ ಆಯಿಲ್ ಅರ್ಧ ಬೆರೆಸಿ, ಒಂದೊಂದು ತೂತಿಗೂ ಅರ್ಧ ಚಹಾ ಕಪ್ಪಿನಷ್ಟು ಸುರಿಯಿರಿ. ಬಟ್ಟೆ ತುರುಕಿ ಬಿಟ್ಟುಬಿಡಿ. ದಿನಾ ಒಮ್ಮೆ ನೋಡಿ, ಇಳಿದಿದ್ದರೆ ಮತ್ತೆ ಹಾಕಿ. ಒಂದು ವಾರ, ಹತ್ತು ದಿನ. ಆಮೇಲೆ ಮುಂದಿನ ಬಂಪರ್ ತೂತಿನಿಂದ ಹ್ಯಾಂಡಲ್ ಹಾಕಿ ಮೆಲ್ಲಗೆ ಒಂದಿಷ್ಟು ಒಂದಿಷ್ಟೇ ಅಲ್ಲಾಡಿಸಿ. ಹ್ಯಾಂಡಲ್ ಮೇಲೆ ಹತ್ತಿ ನಿಲ್ಲಬಾರದು.

ಇನ್ನೊಂದು ಮಾತು, ಸಿಟ್ಟಾಗಬೇಡಿ. ಆ ಪೆಟ್ರೋಲ್ ಎಂಜಿನ್ ಮೇಲೆ ದುಡ್ಡು ಸುರಿಯುವ ಬದಲು ಡೀಸೆಲ್ ಕೂರಿಸಿ. ಹುಮನಾಬಾದ್, ಬಸವಕಲ್ಯಾಣ ಕಡೆ ನನ್ನ ಕೈಯಿಂದಲೇ ಇಪ್ಪತ್ತಕ್ಕೂ ಜಾಸ್ತಿ ಜೀಪು ಡೀಸೆಲ್ ಆಗಿವೆ. ಪೆಟ್ರೋಲ್ 3ಬಿ ಲೀಟರಿಗೆ ಏಳೆಂಟು ಕಿಲೋಮೀಟರ್ ಕೊಟ್ಟರೆ ಅದೇ ದೊಡ್ಡದು. ಡೀಸೆಲ್ ಆದರೆ ದಿನಾ ಹೊಲಕ್ಕೆ ಓಡಿಸಬಹುದು.

ಕೆಂಪುಮಣ್ಣು, ಬೀದರ್

ಉಸ್ತಾದ್, ನಿಮ್ಮ ಕೈಗುಣ ನನಗೆ ಗೊತ್ತಿದೆ. ಆದರೆ ಈ ಮಾತು ಒಪ್ಪಲಾರೆ. ಆಗ ನಮ್ಮ ಕಡೆ ಜನ ಡೀಸೆಲ್ ಮಾಡಿದ್ದು ಹೊಟ್ಟೆಪಾಡಿಗೆ. ಟ್ರಿಪ್ ಹೊಡೆಯಬೇಕಿತ್ತು, ಇಪ್ಪತ್ತು ಜನ ಕೂರಿಸಬೇಕಿತ್ತು. ಅದಕ್ಕೇ ಇವತ್ತು ಹುಡುಕಿದರೆ ಪೆಟ್ರೋಲ್ 3ಬಿ ಕಣ್ಣಿಗೆ ಬೀಳುವುದಿಲ್ಲ. ಹುಟ್ಟಿದ ಎಂಜಿನ್ನೇ ಒಳಗಿರುವ ಒಂದು ಗಾಡಿ ಸಿಕ್ಕಿದೆ. ಅದನ್ನು ಕಿತ್ತು ಟ್ರ್ಯಾಕ್ಟರ್ ಸದ್ದಿನ ಎಂಜಿನ್ ಕೂರಿಸಿದರೆ ಆ ಜೀಪಿನಲ್ಲಿ ಉಳಿಯುವುದು ತಗಡು ಮಾತ್ರ. ಜೊತೆಗೆ ಡೀಸೆಲ್ ಎಂಜಿನ್ ಭಾರ. ಮುಂದಿನ ಕಮಾನು (ಸ್ಪ್ರಿಂಗ್ ಪಟ್ಟಿ), ಚಾಸಿ ಎರಡಕ್ಕೂ ಪೆಟ್ಟು. ನೀವೇ ಎಷ್ಟು ಚಾಸಿಗೆ ಪಟ್ಟಿ ಹಚ್ಚಿ ವೆಲ್ಡ್ ಮಾಡಿದ್ದೀರಿ?

ಗ್ಯಾರೇಜ್ ಉಸ್ತಾದ್, ಹುಮನಾಬಾದ್

ಹಚ್ಚಿದ್ದೇನೆ, ಸುಳ್ಳು ಹೇಳಲ್ಲ. ಸರಿ, ಭಾಯಿ ದಿನಾ ಓಡಿಸುವುದಿಲ್ಲ ಅಂದರೆ ಪೆಟ್ರೋಲೇ ಇರಲಿ. ಆದರೆ ಮೊದಲು ಚಾಸಿ ನೋಡಲಿ. ಅದು ಹೋಗಿದ್ದರೆ ಈ ಮಾತೆಲ್ಲಾ ಸುಮ್ನೆ.

ಸಣ್ಣ ಸುತ್ತಿಗೆ ತಗೊಂಡು ಚಾಸಿ ಉದ್ದಕ್ಕೂ ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತದೆ. ಒಳಗೆ ತಿಂದಿದ್ದರೆ ಡಬ್ ಅನ್ನುತ್ತದೆ. ಕಮಾನು ಕೂರುವ ಕೊಂಡಿಗಳ ಹತ್ತಿರ ಮತ್ತು ಹಿಂದಿನ ಅಡ್ಡ ಪಟ್ಟಿಯಲ್ಲಿ ಜಾಸ್ತಿ ಹೊತ್ತು ಕೇಳಿ. ಎರೆಮಣ್ಣು ಮಳೆ ನೀರು ಹಿಡಿದರೆ ಬಿಡುವುದಿಲ್ಲ. ಮಣ್ಣು ಮುಟ್ಟಿದ ಜಾಗವೇ ಮೊದಲು ಹೋಗುತ್ತದೆ.

ಕೃಷ್ಣೆ ದಂಡೆ, ಸುರಪುರ

ನಾನು ಗ್ಯಾರೇಜಿನವಳಲ್ಲ. ಆದರೂ ಬರೆಯಬೇಕು ಅನ್ನಿಸಿತು. ನಾರಾಯಣಪುರ ಡ್ಯಾಮಿನ ಕಾಲುವೆ ಕೆಲಸದ ಹೊತ್ತಿಗೆ ನಮ್ಮಪ್ಪ ಇಂಥದ್ದೇ ಜೀಪು ಇಟ್ಟಿದ್ದರು. ಕಲ್ಲು, ಮುಳ್ಳು, ಕೆಸರು ಯಾವುದಕ್ಕೂ ಅದು ಅಂಜಲಿಲ್ಲ. ನಾವು ಮಕ್ಕಳು ಹಿಂದಿನ ಅಡ್ಡ ಸೀಟಿನಲ್ಲಿ ಕೂತು ಸಾಲಿಗೆ ಹೋಗುತ್ತಿದ್ದೆವು. ಅಪ್ಪ ಹೋದ ಮೇಲೆ ಅಂಗಳದಲ್ಲಿ ಜಾಗ ಹಿಡಿದಿದೆ ಅಂತ ಅಣ್ಣಂದಿರು ಗುಜರಿಗೆ ಹಾಕಿದರು. ನಾನು ಪಂಚಮಿಗೆ ತವರಿಗೆ ಬಂದಾಗ ಅಂಗಳದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಅದು ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತದೆ.

ತಮ್ಮಾ, ಆಳಂದದ ಆ ಹೆಣ್ಣುಮಗಳ ಹತ್ತಿರ ನೀನೇ ಹೋಗು. ಸಹಿಗೋಸ್ಕರ ಬಂದೆ ಅಂತ ಮಾತು ಶುರು ಮಾಡಬೇಡ. ಅವರ ಅಪ್ಪನ ಜೀಪು ಉಳಿಸಬೇಕು ಅಂತ ಬಂದೆ ಅನ್ನು.

ತೊಗರಿಹೊಲ, ಕಲಬುರಗಿ

ಅಕ್ಕಾ, ನಿಮ್ಮ ಮಾತು ಓದಿದ ಮರುದಿನವೇ ಹೋದೆ. ಏನಾಯಿತು ಅಂತ ಹೇಳುತ್ತೇನೆ.

ಅವರು ಚಹಾ ಕೊಟ್ಟು ನನ್ನ ಮಾತು ಪೂರ್ತಿ ಕೇಳಿದರು. ಏನೂ ಅನ್ನದೆ ಒಳಗೆ ಹೋಗಿ ಒಂದು ತಗಡಿನ ಟ್ರಂಕು ತಂದರು. ಗೌಡ್ರ ಕನ್ನಡಕ, ರುಮಾಲು, ಒಂದು ಕೈಗಡಿಯಾರ. ಅದರ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಜೀಪಿನ ಆರ್‌ಸಿ ಪುಸ್ತಕ! ತಂದೆ ತೀರಿಕೊಂಡಾಗ ಅವರ ಸಾಮಾನಿನ ಜೊತೆ ಅದೂ ಆಳಂದಕ್ಕೆ ಬಂದಿದೆ. ಹದಿನೆಂಟು ವರ್ಷ ಮನೆಯವರು ಊರೆಲ್ಲಾ ಹುಡುಕಿದ್ದಾರೆ, ಇವರನ್ನು ಯಾರೂ ಕೇಳಿಲ್ಲ.

1969ರ ನೋಂದಣಿ. ಎಂವೈ ಅಂತ ಶುರುವಾಗುವ ಮೈಸೂರು ರಾಜ್ಯದ ನಂಬರು. ನೀಲಿ ಮಸಿಯಲ್ಲಿ ದುಂಡಗೆ ಬರೆದ ಎಂಜಿನ್ ನಂಬರು, ಚಾಸಿ ನಂಬರು. ಇಂಧನ ಅಂತ ಇರುವಲ್ಲಿ ಪೆಟ್ರೋಲ್. ಒಂದು ಹಾಳೆ ಇಲಿ ಕಚ್ಚಿದೆ, ಆದರೆ ಅಕ್ಷರ ಹೋಗಿಲ್ಲ.

ಸಹಿ ಹಾಕುತ್ತೇನೆ ಅಂದರು. ಅಪ್ಪನ ಜೀಪಿನ ಬಣ್ಣ ಬದಲಿಸಬೇಡಿ, ಅದು ಬೂದಿ ಬಣ್ಣ ಇತ್ತು ಅಂದರು. ಈಗ ಮೇಲೆ ಇರುವುದು ಹಸಿರು. ಹೊಲಕ್ಕೆ ಹೋಗಿ ಡ್ಯಾಶ್‌ಬೋರ್ಡ್ ಒಳಗಡೆ ಬೆರಳಿಂದ ಉಜ್ಜಿ ನೋಡಿದೆ. ಹಸಿರಿನ ಕೆಳಗೆ ಬೂದಿಯೇ ಇದೆ.

ಗೌಡಸಾನಿ ಅಮ್ಮನ ಹೆಸರಿಗೆ ಮೊದಲು ಮಾಡಿಸುವುದು ಅಂತ ನಾಲ್ಕೂ ಮಕ್ಕಳು ಒಪ್ಪಿದ್ದಾರೆ. ಬೆಲೆ 60 ಸಾವಿರವೇ. ಅಮ್ಮನ ಖಾತೆಗೆ ಹಾಕುತ್ತೇನೆ.

ಚಾಸಿ ಬಡಿದು ನೋಡಿದೆ ಉಸ್ತಾದ್. ಹಿಂದಿನ ಅಡ್ಡ ಪಟ್ಟಿಯ ಎಡ ಮೂಲೆಯಲ್ಲಿ ಒಂದು ಗೇಣು ಡಬ್. ಉಳಿದದ್ದು ಠಣ್.

ಗ್ಯಾರೇಜ್ ಉಸ್ತಾದ್, ಹುಮನಾಬಾದ್

ಒಂದು ಗೇಣು ಅಂದರೆ ಏನೂ ಅಲ್ಲ. ಕತ್ತರಿಸಿ ಅದೇ ದಪ್ಪದ ಪತ್ರಾ ಹಾಕೋಣ.

ಎಂಜಿನ್ ನಂಬರು ವಾಟರ್ ಪಂಪ್ ಹಿಂದೆ ಬ್ಲಾಕಿನ ಮೇಲೆ ಇರುತ್ತದೆ. ಜಂಗು ತೆಗೆಯಲು ಗ್ರೈಂಡರ್ ಮುಟ್ಟಿಸಬೇಡಿ. ನಂಬರು ಅಳಿಸಿಹೋದರೆ, ಇಲ್ಲವೇ ಉಜ್ಜಿದ ಗುರುತು ಕಂಡರೆ, ಇನ್‌ಸ್ಪೆಕ್ಟರ್ ಕಳ್ಳ ಗಾಡಿ ಅಂತ ಅನುಮಾನ ಪಡುತ್ತಾರೆ. ಸೀಮೆಎಣ್ಣೆ ಹಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ಹಿತ್ತಾಳೆ ಬ್ರಷ್‌ನಿಂದ ಮೆತ್ತಗೆ ಉಜ್ಜಿ ಒಣಗಿಸಿ. ಸಾಲಿ ಹುಡುಗರ ಬಿಳಿ ಚಾಕ್ ತಿಕ್ಕಿ ಮೇಲಿಂದ ಬಟ್ಟೆ ಸವರಿ. ಅಂಕಿಗಳ ಗುಳಿಯಲ್ಲಿ ಬಿಳಿ ಉಳಿದು ಎದ್ದು ಕಾಣುತ್ತದೆ.

ಕರಿಕೋಟು, ಯಾದಗಿರಿ

ಆರ್‌ಸಿ ಸಿಕ್ಕಿದ್ದು ಕೇಳಿ ನನಗೇ ಖುಷಿಯಾಯಿತು. ಇನ್ನು ಎರಡು ದಾರಿ ಇವೆ. ಯಾವುದು ಬೇಕು ಅಂತ ಈಗಲೇ ಯೋಚಿಸಿ.

ಒಂದು, ಮಾಮೂಲಿ ನವೀಕರಣ. ಫಾರಂ 25. ಗಾಡಿ ಆರ್‌ಟಿಓ ಮುಂದೆ ನಿಂತು ಪಾಸಾಗಬೇಕು. ಪಾಸಾದರೆ ಐದು ವರ್ಷ. ಹದಿನೈದು ವರ್ಷ ದಾಟಿದ ಕಾರು ಜೀಪುಗಳಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ 10,000 ಮಾಡಿದರು. ಹಸಿರು ತೆರಿಗೆ ಬೇರೆ. ಹಾಗೆ ಮಾಡಿಸಿದರೆ ಎಲ್ಲರಂತೆ ರಸ್ತೆಯಲ್ಲಿ ಓಡಿಸಬಹುದು.

ಎರಡು, ವಿಂಟೇಜ್ ನೋಂದಣಿ. 2021ರ ಜುಲೈನಲ್ಲಿ ಕೇಂದ್ರ ಇದಕ್ಕೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ನಿಮ್ಮದು 1969, ದಾಟಿದೆ. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಡೀಸೆಲ್ ಕೂರಿಸಿದ್ದರೆ ಈ ಬಾಗಿಲು ಮುಚ್ಚುತ್ತಿತ್ತು. ಹೊಸ ನೋಂದಣಿಗೆ 20,000, ಹತ್ತು ವರ್ಷಕ್ಕೆ. ಆಮೇಲೆ ನವೀಕರಣಕ್ಕೆ 5,000. ಮೊದಲೇ ನೋಂದಣಿ ಇದ್ದ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ.

ಯಾವುದೇ ಇರಲಿ, ಕೈಬರಹದ ಹಳೇ ಆರ್‌ಸಿ ಕಂಪ್ಯೂಟರ್‌ನಲ್ಲಿ ಇರುವುದಿಲ್ಲ. ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಕಚೇರಿಯಲ್ಲಿ ಹಳೇ ರಿಜಿಸ್ಟರ್ ತೆಗೆಸಿ ಹೋಲಿಸುತ್ತಾರೆ. ಎರಡು ಮೂರು ಸಲ ಓಡಾಡಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ತೊಗರಿಹೊಲ, ಕಲಬುರಗಿ

ನನಗೆ ಮಾಮೂಲಿ ನವೀಕರಣವೇ ಬೇಕು ಸರ್. ಅವ್ವನನ್ನು ಕೂರಿಸಿಕೊಂಡು ಊರಿಗೆ ಹೋಗಬೇಕು, ಆಳಂದದ ಅಕ್ಕ ಬಂದಾಗ ಹೊಲಕ್ಕೆ ಒಯ್ಯಬೇಕು. ಬರೀ ಪ್ರದರ್ಶನಕ್ಕೆ ನಿಲ್ಲಿಸಲು ಮನಸ್ಸು ಒಪ್ಪುವುದಿಲ್ಲ. ಮೂಲ ರೂಪ ಕೆಡಿಸದೆ ಇಟ್ಟರೆ ಮುಂದೆ ಬೇಕಾದಾಗ ವಿಂಟೇಜಿಗೆ ಹೋಗಬಹುದು ಅಲ್ವಾ?

ಕರಿಕೋಟು, ಯಾದಗಿರಿ

ಖಂಡಿತ.

ತೊಗರಿಹೊಲ, ಕಲಬುರಗಿ

ಎರಡೂವರೆ ತಿಂಗಳ ಮೇಲೆ ಬರೆಯುತ್ತಿದ್ದೇನೆ. ಫಾರಂ 31 ಮುಗಿದು ಅಮ್ಮನ ಹೆಸರಿಗೆ ಬಂತು. ದುಡ್ಡು ಕೊಟ್ಟೆ. ಆಮೇಲೆಯೇ ಜೀಪು ಅಲ್ಲಾಡಿಸಿದ್ದು.

ಹೊರಗೆ ತೆಗೆಯುವುದೇ ದೊಡ್ಡ ಕೆಲಸವಾಯಿತು. ಜೆಸಿಬಿಯಲ್ಲಿ ಎಳೆಯೋಣ ಅಂದರು ಕೆಲವರು. ಬೇಡ ಅಂದೆ. ಬ್ರೇಕ್ ಡ್ರಮ್ಮುಗಳು ಕಚ್ಚಿಕೊಂಡಿದ್ದವು, ಎಳೆದಿದ್ದರೆ ಮುಂದಿನ ಆಕ್ಸಲ್ ಹೌಸಿಂಗೇ ಬಾಗುತ್ತಿತ್ತು. ಜಾಲಿ ಕಡಿದು ಜಾಕ್ ಇಟ್ಟರೆ ಜಾಕೇ ಮಣ್ಣಿಗೆ ಇಳಿಯಿತು. ಅಮ್ಮನ ಕೊಟ್ಟಿಗೆಯಲ್ಲಿ ಶಹಾಬಾದ್ ಫರ್ಸಿ ಕಲ್ಲು ಇದ್ದವು. ಎರಡು ಫರ್ಸಿ ಜೋಡಿಸಿ ಅದರ ಮೇಲೆ ಜಾಕ್ ಇಟ್ಟೆವು. ಒಂದೊಂದೇ ಚಕ್ರ ಎತ್ತಿ, ಕೆಳಗೆ ಫರ್ಸಿ ತಳ್ಳಿ, ಬೇರೆ ಕಡೆಯಿಂದ ತಂದ ರಿಮ್ಮು ಟೈರು ಹಾಕಿದೆವು. ಮುಂದಿನ ಎಡ ಚಕ್ರ ಮಣ್ಣು ಬಿಟ್ಟು ಮೇಲೆದ್ದಾಗ ಕೆಳಗೆ ಚಕ್ರದ ಅಚ್ಚು ಹಾಗೇ ಉಳಿದಿತ್ತು, ಟೈರಿನ ಗೆರೆಗಳ ಸಮೇತ. ಅದರೊಳಗೆ ಒಂದು ಚೇಳು ಮರಿಗಳನ್ನು ಬೆನ್ನ ಮೇಲೆ ಹೊತ್ತು ಕೂತಿತ್ತು. ಅದನ್ನು ಸಲಿಕೆಯಲ್ಲಿ ಎತ್ತಿ ಬದುವಿಗೆ ಬಿಟ್ಟೆವು. ಡ್ರಮ್ಮು ಬಿಚ್ಚಿ ಚಕ್ರ ತಿರುಗುವಂತೆ ಮಾಡಿ, ಕೈಯಿಂದಲೇ ನೂಕಿ ಟ್ರ್ಯಾಕ್ಟರ್ ಟ್ರಾಲಿಗೆ ಹತ್ತಿಸಿದೆವು. ಹನ್ನೊಂದು ಜನ ಬಂದಿದ್ದರು. ಯಾರನ್ನೂ ನಾನು ಕರೆದಿರಲಿಲ್ಲ.

ಉಸ್ತಾದ್ ಹೇಳಿದಂತೆ ಡೀಸೆಲ್ ಮತ್ತು ಎಟಿಎಫ್ ಹಾಕಿದ್ದೆ. ಒಂಬತ್ತನೇ ದಿನ ಹ್ಯಾಂಡಲ್ ಬೆರಳಿನಷ್ಟು ಅಲ್ಲಾಡಿತು. ಹನ್ನೆರಡನೇ ದಿನ ಒಂದು ಪೂರ್ತಿ ಸುತ್ತು. ಆದರೆ ಮೂರನೇ ಸಿಲಿಂಡರ್‌ಗೆ ಕಂಪ್ರೆಷನ್ ಇಲ್ಲ. ಪ್ಲಗ್ ತೂತಿಗೆ ಹೆಬ್ಬೆರಳು ಇಟ್ಟರೆ ಉಳಿದ ಮೂರರಲ್ಲಿ ತಳ್ಳುತ್ತದೆ, ಇದರಲ್ಲಿ ಉಸಿರೇ ಇಲ್ಲ.

ಗ್ಯಾರೇಜ್ ಉಸ್ತಾದ್, ಹುಮನಾಬಾದ್

ಹೊಗೆ ವಾಲ್ವು ತೆರೆದೇ ಅಂಟಿದೆ. ಈ ಎಂಜಿನ್‌ಗೆ ಇದು ಮಾಮೂಲಿ ಕಾಯಿಲೆ. ಪಕ್ಕದ ಮುಚ್ಚಳ ತೆಗೆದರೆ ವಾಲ್ವು ಸ್ಪ್ರಿಂಗು ಕಾಣುತ್ತವೆ. ಎಟಿಎಫ್ ಸುರಿದು, ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ. ಇಳಿಯದಿದ್ದರೆ ಹೆಡ್ ಬಿಚ್ಚಿ. ಹೇಗೂ ವಾಲ್ವು ಗ್ರೈಂಡ್ ಮಾಡಲೇಬೇಕು.

ಸ್ಟಾರ್ಟ್ ಮಾಡುವಾಗ ಹಳೇ ಟ್ಯಾಂಕ್ ನಂಬಬೇಡಿ, ಬಾಟಲಿಯಿಂದ ಪೆಟ್ರೋಲ್ ಕೊಡಿ. ಸಿಲಿಂಡರ್‌ಗಳಿಗೆ ಕಿಡಿ ಬೀಳುವ ಸರದಿ, ಅಂದರೆ ಫೈರಿಂಗ್, 1-3-4-2. ಈಗಿನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥೆನಾಲ್ ಇರುತ್ತದೆ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಎರಡನ್ನೂ ಅದು ತಿನ್ನುತ್ತದೆ. ಎಥೆನಾಲ್ ತಡೆಯುವ ಪೈಪು ಕೇಳಿ ತನ್ನಿ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಆ ಪೆಟ್ರೋಲ್ ನೀರು ಎಳೆದುಕೊಳ್ಳುತ್ತದೆ.

ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ, ಬದಲಿಸಿ. ಬ್ರೇಕ್ ಮುಗಿಯುವ ತನಕ ಅಂಗಳದಿಂದ ಹೊರಗೆ ಬೇಡ. ಇದಕ್ಕೆ ಒಂದೇ ಲೈನು. ಒಂದು ಕಡೆ ಸೋರಿದರೆ ನಾಲ್ಕೂ ಹೋಯಿತು.

ತೊಗರಿಹೊಲ, ಕಲಬುರಗಿ

ಹೆಡ್ ಬಿಚ್ಚಬೇಕಾಯಿತು. ವಾಲ್ವು ಕೂತಿತು. ನಿನ್ನೆ ಸಂಜೆ ಸ್ಟಾರ್ಟ್ ಆಯಿತು ಉಸ್ತಾದ್! ಬಾಟಲಿ ಪೆಟ್ರೋಲ್‌ನಲ್ಲಿ ಸುಮಾರು ನಾಲ್ಕು ನಿಮಿಷ. ಮೊದಲು ದಟ್ಟ ಬಿಳಿ ಹೊಗೆ, ಆಮೇಲೆ ಸದ್ದು ಸಮ ಆಯಿತು. ಅಡುಗೆ ಮನೆಯಲ್ಲಿದ್ದ ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಸದ್ದು ಕೇಳಿಯೇ ಗುರುತು ಸಿಕ್ಕಿತಂತೆ.

ಎಂಜಿನ್ ನಂಬರು ಆರ್‌ಸಿಗೆ ಸರಿಯಾಗಿ ಹೊಂದಿದೆ. ಕೊನೆಯ ಅಂಕಿ ಚಾಕ್ ತಿಕ್ಕಿದ ಮೇಲೆಯೇ ಕಂಡದ್ದು. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟೂ ತೆಗೆದಿಟ್ಟಿದ್ದೇನೆ. ಬ್ರೇಕ್ ಕೆಲಸ ನಡೆದಿದೆ. ಅದಾದ ಮೇಲೆ ನನ್ನ ಹೆಸರಿಗೆ ವರ್ಗಾವಣೆ, ತಪಾಸಣೆ.

ಒಂದು ಸಣ್ಣ ವಸ್ತು ಸಿಗುತ್ತಿಲ್ಲ. ಬಾನೆಟ್ ಪಕ್ಕ ಎಳೆದು ಹಾಕುವ ಸ್ಪ್ರಿಂಗ್ ಕೊಂಡಿ ಎರಡಿರಬೇಕು, ಎಡಗಡೆಯದು ಇಲ್ಲ. ಹೈದರಾಬಾದಿನ ರಾಣಿಗಂಜ್‌ನಲ್ಲಿ ಹೊಸದು ಸಿಕ್ಕಿತು, ಆದರೆ ತೆಳು ತಗಡು, ಹಿಡಿಯುವುದಿಲ್ಲ. ಯಾರ ಹತ್ತಿರವಾದರೂ ಹಳೇದು ಇದೆಯಾ?

ಕೃಷ್ಣೆ ದಂಡೆ, ಸುರಪುರ

ತಮ್ಮಾ, ನನ್ನ ಹತ್ತಿರ ಒಂದು ಜೋಡಿ ಇದೆ. ಅಪ್ಪ ಜೀಪಿಗೆ ಹೊಸ ಕೊಂಡಿ ಹಾಕಿಸಿದಾಗ ಬಿಚ್ಚಿದ್ದು. ಮನೆಯ ಹಿತ್ತಿಲ ಬಾಗಿಲಿಗೆ ಹಾಕಿಕೊಂಡಿದ್ದೆವು, ಇನ್ನೂ ಅಲ್ಲೇ ಇದೆ. ಗಟ್ಟಿ ಕಬ್ಬಿಣ. ನಾಳೆ ಬಿಚ್ಚಿಸಿ ಇಡುತ್ತೇನೆ.

ತೊಗರಿಹೊಲ, ಕಲಬುರಗಿ

ಅಕ್ಕಾ, ಭಾನುವಾರ ನಾನೇ ಬರುತ್ತೇನೆ. ಅಳತೆ ಬರೆದು ತರಲಾ?

ಕೃಷ್ಣೆ ದಂಡೆ, ಸುರಪುರ

ಅಳತೆ ಬೇಡ. ಬಲಗಡೆಯ ಕೊಂಡಿಯನ್ನೇ ಬಿಚ್ಚಿಕೊಂಡು ಬಾ, ಎದುರಿಗೆ ಇಟ್ಟು ನೋಡೋಣ. ಹಿತ್ತಿಲ ಬಾಗಿಲಿಗೆ ಒಂದು ಚಿಲಕ ತಂದುಬಿಡು. ಅವ್ವನನ್ನೂ ಕರೆದುಕೊಂಡು ಬಾ, ಊಟ ಇಲ್ಲೇ.